ನಲವತ್ತೊಂದನೆಯ ಗುಂಡಿ

ಹಳೆಯ ಟೇಪು ಬೆವರುತ್ತದೆ.
ಅಂಟಂಟು. ಹಾಗೇ ಎಳೆದರೆ ಕಿರುಗುಟ್ಟಿ
ತನ್ನ ನೆನಪನ್ನು ತಾನೇ ಕೆರೆದು ಉದುರಿಸಿಬಿಡುತ್ತದೆ.
ಅದಕ್ಕೇ ಮೊದಲು ಬೇಯಿಸಬೇಕು:
ಐವತ್ನಾಲ್ಕು ಡಿಗ್ರಿ, ಇಡೀ ರಾತ್ರಿ,
ಅತ್ತೆ ಕೊಟ್ಟ ಅಣಬೆ ಒಣಗಿಸುವ ಡಬ್ಬದಲ್ಲಿ.
ಬೇರೆ ಯಂತ್ರಕ್ಕೆ ಸಂಗ್ರಹಾಲಯದಲ್ಲಿ ದುಡ್ಡಿಲ್ಲ.
ಹಾಗಾಗಿ ಈ ಊರಿನ ಕಲೆಯ ಚರಿತ್ರೆಗೆಲ್ಲ
ಕಾಡಣಬೆಯ ವಾಸನೆ.

ಊರು ವುಚ್. ಹಾಗೆಂದರೆ ದೋಣಿ.
ಹೊಳೆಗಳನ್ನೆಲ್ಲ ಎಂದೋ ನೆಲದಡಿಗೆ ತಳ್ಳಿ
ಮೇಲೆ ಬೀದಿ ಹಾಸಿದ್ದಾರೆ.

ಇವತ್ತು ಹಾಲ್ಷ್ಕಾ ಬಂದಿದ್ದಾರೆ. ಎಪ್ಪತ್ತಾರು ವರ್ಷ.
ಚೀಲದಲ್ಲಿ ಬೀಟ್‌ರೂಟು, ಒಂದು ಬಲ್ಬು.
ಪರದೆಯ ಮೇಲೂ ಅವರೇ, ಇಪ್ಪತ್ತೊಂಬತ್ತು,
ಬಿಳಿ ಒಳಂಗಿ, ಬರಿಗಾಲು,
ವಿದ್ಯಾರ್ಥಿ ಕ್ಲಬ್ಬಿನ ನೆಲಮಾಳಿಗೆ, ಫೆಬ್ರವರಿ.

ಹೆಂಗಸರು ಒಬ್ಬೊಬ್ಬರೇ ಬಂದು
ಅವಳ ಕಿವಿಯಲ್ಲಿ ಹೇಳುತ್ತಾರೆ, ಎಲ್ಲಿ ನೋವು ಅಂತ.
ಅವಳು ತನ್ನ ಮೈಮೇಲೆ ಅದೇ ಜಾಗ ಹುಡುಕಿ
ಅಲ್ಲಿ ಒಂದು ಗುಂಡಿ ಹೊಲಿಯುತ್ತಾಳೆ.
ಟೇಪಿನಲ್ಲಿ ಧ್ವನಿ ಉಳಿದಿಲ್ಲ. ತುಟಿಯೂ ಕಾಣದು.
ಕೂದಲು, ಕಿವಿ, ಆಮೇಲೆ ಸೂಜಿ ಹೋಗುವ ಕಡೆ,
ಅಷ್ಟರಿಂದಲೇ ನಮಗೆ ತಿಳಿಯಬೇಕು.
ಮೊದಲ ಏಳು ಜನರದು ಸೊಂಟ.
ಮಗ್ಗದ ಮುಂದೆ ನಿಂತವರ ಮೊಣಕಾಲು, ಹಿಮ್ಮಡಿ.
ಜಡೆಯವಳೊಬ್ಬಳು ತುಂಬಾ ಹೊತ್ತು ಹೇಳಿದಳು;
ಸೂಜಿ ಮೂರು ಸಲ ತೊಡೆಯವರೆಗೆ ಹೋಗಿ
ಮೂರು ಸಲ ಹಿಂದಕ್ಕೆ ಬಂದು
ಕೊನೆಗೆ ಗುಂಡಿ ಗಂಟಲ ಕೆಳಗೆ ಕೂತಿತು.

ಕ್ಯಾಮೆರಾ ಹಿಡಿದವನು ಯಾರೋ ಎಂಜಿನಿಯರಿಂಗ್ ಹುಡುಗ,
ಎದೆ ಬಿಟ್ಟು ಅವನಿಗೆ ಬೇರೆ ಊರು ಗೊತ್ತಿಲ್ಲ.
ಹದಿನಾಲ್ಕನೆಯ ನಿಮಿಷಕ್ಕೆ ಅವಳು ಎದ್ದು ಬಂದು
ಮಸೂರದ ಮೂತಿ ಹಿಡಿದು,
ಬೇಲಿಗೆ ಬಾಯಿ ಹಾಕಿದ ಕರುವನ್ನು ತಿರುಗಿಸುವ ಹಾಗೆ,
ತನ್ನ ಕೈಗಳ ಕಡೆ ತಿರುಗಿಸುತ್ತಾಳೆ.
ಅಲ್ಲಿಂದ ಮುಂದೆ ಬರೀ ಬೆರಳು.

‘ಇದನ್ನು ಒಡಲಿನ ಬಂಡಾಯ ಅಂತ ಬರೆದಿದ್ದಾರೆ’ ಅಂದೆ.
‘ಇರಬಹುದು’ ಅಂದರು ಹಾಲ್ಷ್ಕಾ. ‘ನನಗೆ ಚಳಿ.
ಉಚ್ಚೆ ಬೇರೆ ಬಂದಿತ್ತು, ಸಾಲು ಕರಗುತ್ತಿರಲಿಲ್ಲ.’

ಆ ಸಾಲಿನಲ್ಲಿ ನಾನಿದ್ದಿದ್ದರೆ ಏನು ಹೇಳುತ್ತಿದ್ದೆ?
ಹೊಕ್ಕುಳ ಕೆಳಗೆ, ಎಡಕ್ಕೆ,
ಹೋದ ವರ್ಷ ವೈದ್ಯರು ಹೊಲಿದ ಜಾಗ.
ಹೊಲಿದದ್ದರ ಮೇಲೆ ಹೊಲಿ ಅನ್ನಲೇ?
ಸುಮ್ಮನೆ ಧೂಳು ಒರೆಸುವವಳ ಹಾಗೆ ಯಂತ್ರ ಒರೆಸಿದೆ.

ನಲವತ್ತು ಗುಂಡಿಯ ಭಾರಕ್ಕೆ ಒಳಂಗಿ ಜೋತು
ಭುಜದಿಂದ ಜಾರುತ್ತಿರುವಾಗ
ಚೌಕಟ್ಟಿನೊಳಕ್ಕೆ ಒಂದು ಬಕೆಟ್ಟು ಬಂತು.
ಹಿಂದೆಯೇ ಒಂದು ತಲೆವಸ್ತ್ರ, ಹಳೆಯ ಕೋಟು.
ಕ್ಲಬ್ಬು ಗುಡಿಸುವ ತೆಯೊದೋಜ್ಯಾ,
ಎಲ್ಲರೂ ಹೋಗಲಿ ಅಂತ ಕಾದು ಸಾಕಾದವಳು.
ಅವಳನ್ನೂ ಕೇಳಿದಳು, ಎಲ್ಲಿ ನೋವು?
ಅವಳು ಬಕೆಟ್ಟು ಕೆಳಗಿಟ್ಟು ಕೋಟು ತೋರಿಸಿದಳು.
(ಇದು ಹಾಲ್ಷ್ಕಾ ಹೇಳಿದ್ದು:)
‘ಹೊಟ್ಟೆಯ ಮೇಲಿನದು ಬಿದ್ದುಹೋಗಿದೆ. ನವೆಂಬರಿನಿಂದ.
ಗಾಳಿ ನೇರ ಒಳಗೆ ಬರುತ್ತೆ.’

ನೋಡುವವರು ನಕ್ಕರು. ಭುಜಗಳು ಕುಲುಕಿದ್ದು ಕಾಣುತ್ತದೆ.
ಅವಳು ನಗಲಿಲ್ಲ.
ಮಂಡಿಯೂರಿ, ನಾಲ್ಕೆಳೆ ದಾರ ಕೂಡಿಸಿ,
ಕೋಟಿಗೆ ಹೊಲಿದು, ಬುಡಕ್ಕೆ ಸುತ್ತು ಹಾಕಿ
ಹಲ್ಲಿನಿಂದ ಕಡಿದಳು.
ಆಕೆ ಗುಂಡಿ ಹಾಕಿ ನೋಡಿದಳು, ಬಿಚ್ಚಿ ನೋಡಿದಳು,
ಮತ್ತೆ ಹಾಕಿದಳು.
ಬಕೆಟ್ಟು ಎತ್ತಿಕೊಂಡಳು.
ಆಮೇಲೆ ಪರದೆಯ ತುಂಬ ಹಿಮ.

‘ಅವತ್ತು ನೆಟ್ಟಗೆ ಹೊಲಿದದ್ದು ಅದೊಂದೇ’ ಅಂದರು ಹಾಲ್ಷ್ಕಾ,
ಬಲ್ಬು ಒಡೆದಿಲ್ಲ ತಾನೇ ಅಂತ ಕಿವಿಯ ಹತ್ತಿರ ಅಲ್ಲಾಡಿಸುತ್ತ.
‘ಉಳಿದವು ಟ್ರಾಮಿನಲ್ಲೇ ಉದುರಿದವು.’

ಅವರು ಹೋದ ಮೇಲೆ ದಾಖಲೆ ತುಂಬಿದೆ.
ಅವಧಿ: ಐವತ್ತೆರಡು ನಿಮಿಷ. ಕಪ್ಪು ಬಿಳುಪು.
ಸಾಮಗ್ರಿ: ಒಳಂಗಿ, ದಾರ, ಗುಂಡಿ ನಲವತ್ತೊಂದು.
ಸದ್ಯ ಇರುವ ಸ್ಥಳ, ಅಂತ ಒಂದು ಕಲಮು.
ನಲವತ್ತರ ಮುಂದೆ ‘ಗೊತ್ತಿಲ್ಲ’ ಅಂತ ಬರೆದೆ.
ಉಳಿದೊಂದರ ಮುಂದೆ ಪೆನ್ನು ನಿಂತಿತು,
ಮತ್ತೆ ಬರೆದೆ:
ಹೊಟ್ಟೆಯ ಮೇಲೆ. ಗಾಳಿ ಬರದ ಹಾಗೆ.