ಬರ್ತಿದಾರೆ

ಹಿಟ್ಟು ತೂಗುವ ಪುಟ್ಟ ತಕ್ಕಡಿಯ ಮೇಲೆ
ಮೊದಲು ನಗರದವರ ಪತ್ರ ಇಟ್ಟೆ:
ಹನ್ನೊಂದು ಹಾಳೆ, ಐವತ್ತು ಗ್ರಾಂ.
ಆಮೇಲೆ ಕೌಂಟಿಯದು, ಒಂದೇ ಹಾಳೆ.
ತಕ್ಕಡಿ ಅದನ್ನು ಲೆಕ್ಕಕ್ಕೇ ಹಿಡಿಯದೆ
ಸೊನ್ನೆ ತೋರಿಸಿ ಸುಮ್ಮನಾಯಿತು.

ನಗರ ಕೊಡುವುದು: ಸಹಿಗೆ ಹತ್ತು ಸಾವಿರ ಡಾಲರು,
ಎದೆಗೆ ಕ್ಯಾಮೆರಾ, ಹಲ್ಲಿಗೆ ವಿಮೆ,
ಪಕ್ಕದ ಸೀಟಿಗೆ ಒಬ್ಬ ಜೊತೆಗಾರ.
ಒಂಬತ್ತನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ,
ಮೂರು ವರ್ಷದೊಳಗೆ ಬಿಟ್ಟರೆ
ತರಬೇತಿಯ ಖರ್ಚೆಲ್ಲ ಕಕ್ಕಬೇಕೆಂದೂ ಇದೆ.
ಕೌಂಟಿ ಕೊಡುವುದು: ಸಂಬಳ,
ಮನೆಗೆ ಒಯ್ಯಲು ಒಂದು ಗಾಡಿ,
ಲಕ್ಷದ ತೊಂಬತ್ತು ಸಾವಿರ ಮೈಲಿ ಓಡಿದ್ದು.
ಕೆಳಗೆ ಶೆರಿಫ್ ಆರ್ವಿಡ್ ಕ್ವಾಮ್ ಪೆನ್ನಿನಲ್ಲಿ ಬರೆದಿದ್ದಾನೆ:
ಹೀಟರ್ ಚೆನ್ನಾಗಿದೆ.

ಒಂಬತ್ತು ವರ್ಷ ಕೋರ್ಟಿನ ನೆಲಮಾಳಿಗೆಯಲ್ಲಿ,
ಕಿಟಕಿಯಿಲ್ಲದ ಕೋಣೆಯಲ್ಲಿ, ಕಿವಿಗೆ ಹೆಡ್‌ಸೆಟ್ಟು ಕಟ್ಟಿ
ಡಿಸ್ಪ್ಯಾಚರ್ ಆಗಿ ಕೂತವಳು ನಾನು.
ಈ ಕೌಂಟಿಯನ್ನು ಕಿವಿಯಿಂದಲೇ ಬಲ್ಲೆ:
ಯಾವ ಜಲ್ಲಿ ರಸ್ತೆ ಟೈರಿನಡಿ ಹೇಗೆ ಕೂಗುತ್ತದೆ,
ಯಾರ ಮನೆಯ ನಾಯಿ ಬೊಗಳುತ್ತದೆ, ಯಾರದು ಬರೀ ಗುರುಗುಡುತ್ತದೆ,
ಗಾಡಿಯಿಂದಿಳಿಯುವ ಮುನ್ನ ಯಾವ ಡೆಪ್ಯುಟಿ
ಎಷ್ಟು ಹೊತ್ತು ಉಸಿರು ಹಿಡಿಯುತ್ತಾನೆ.

ಅಕಾಡೆಮಿ ಮುಗಿಸಿದ್ದು ಕಳೆದ ಬೇಸಿಗೆ,
ನನಗಿಂತ ಹದಿನಾಲ್ಕು ವರ್ಷ ಚಿಕ್ಕವರ ಹಿಂದೆ ಓಡಿ,
ಮಂಡಿಗೆ ಐಸ್ ಕಟ್ಟಿಕೊಂಡು.

"ನಗರಕ್ಕೆ ಹೋಗೇ ಮಾರ್ಲಿಸ್, ಹುಚ್ಚೀನಾ?"
ಪಕ್ಕದ ಕುರ್ಚಿಯ ರೆನೇ ಅನ್ನುತ್ತಾಳೆ.
"ಕತ್ತಲಲ್ಲಿ ಒಂಟಿ ಗಾಡಿ. ಲೈಲ್ ನೆನಪಿಲ್ವಾ?"

ನೆನಪಿಲ್ಲದೆ ಏನು.
ಹೆದ್ದಾರಿಯ ಪಕ್ಕ, ಫೆಬ್ರವರಿ,
ಇಬ್ಬರು ಗಂಡಸರು, ಒಂದು ಬಂದೂಕು, ಲೈಲ್ ಹಾಗೆನ್.
ಹತ್ತಿರದ ನೆರವು ಮೂವತ್ತೆಂಟು ನಿಮಿಷ ದೂರ.
ಬರ್ತಿದಾರೆ, ಎಂದೆ.
ಬರ್ತಿದಾರೆ ಲೈಲ್.
ಹನ್ನೊಂದು ಸಲ ಅಂದಿದ್ದೇನೆ, ಟೇಪಿನಲ್ಲಿದೆ.
ಸುಳ್ಳಲ್ಲ. ನಿಜವೂ ಅಲ್ಲ.
ಅವನಿಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದೂ ಗೊತ್ತಿತ್ತು.
ಬದುಕಿದ. ಈ ಶರತ್ಕಾಲ ಕೆಲಸ ಬಿಟ್ಟ.
ಈಗ ಕೆರೆಯ ಬದಿ ಗಾಳ, ಎರೆಹುಳ ಮಾರುತ್ತಾನೆ,
ಚಿಲ್ಲರೆ ಕೊಡುವಾಗ ನನ್ನ ಮುಖ ನೋಡುವುದಿಲ್ಲ.
ಖಾಲಿಯಿರುವುದು ಅವನದೇ ಜಾಗ.

ಇಬ್ಬರಿಗೂ ಫೋನು ಮಾಡಿ ಒಂದೇ ಮಾತು ಕೇಳಿದೆ:
ಚಳಿಗಾಲದಲ್ಲಿ ನಾನು ಕೂಗಿದರೆ ಎಷ್ಟು ಹೊತ್ತಿಗೆ ಬರುತ್ತೀರಿ?
"ಸರಾಸರಿ ನಾಲ್ಕು ನಿಮಿಷ", ನಗರದ ಹುಡುಗ ಓದಿ ಹೇಳಿದ,
ಟೂತ್‌ಪೇಸ್ಟಿನ ಬೆಲೆ ಹೇಳಿದ ಹಾಗೆ.
ಆರ್ವಿಡ್ ಬಹಳ ಹೊತ್ತು ಮಾತಾಡಲಿಲ್ಲ.
ಹಿಂದೆ ಯಾರೋ ಕಾಫಿ ಕಲಕುತ್ತಿದ್ದರು.
"ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತಲ್ಲ", ಎಂದ.

ನಿನ್ನೆ ರಾತ್ರಿ ಎರಡೂ ಹತ್ತಕ್ಕೆ ಒಂದು ಹೆಣ್ಣು ದನಿ,
ಪಿಸುಮಾತು; ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಅವಿತಿದ್ದಾಳೆ,
ಹೊರಗೆ ಗಂಡ, ಕೈಯಲ್ಲಿ ಸ್ಪ್ಯಾನರು,
ಅವಳ ಹೆಸರನ್ನು ಹಾಡಿನಂತೆ ಕರೆಯುತ್ತಿದ್ದಾನೆ.
ಡೆಪ್ಯುಟಿ ಇದ್ದದ್ದು ನದಿಯ ಆಚೆ.
ಬಾಯಿಪಾಠದ ಮಾತು, ಒಂಬತ್ತು ವರ್ಷದ್ದು,
ನಾಲಗೆ ತುದಿಯಲ್ಲಿ ತಿರುಚಿಕೊಂಡಿತು:
ಬರ್ತಿದೀನಿ, ಎಂದೆ.

ರೆನೇ ಒಂದು ಕಿವಿಯ ಹೆಡ್‌ಸೆಟ್ಟು ಸರಿಸಿ ನೋಡಿದಳು.
ಏನೂ ಅನ್ನಲಿಲ್ಲ.
(ಆ ಹೆಂಗಸು ಕ್ಷೇಮ. ನದಿ ಹೆಪ್ಪುಗಟ್ಟಿತ್ತು,
ಡೆಪ್ಯುಟಿ ಸೇತುವೆ ಬಿಟ್ಟು ಮಂಜುಗಡ್ಡೆಯ ಮೇಲೇ ಗಾಡಿ ಹೊಡೆದ.
ರಿಪೋರ್ಟಿನಲ್ಲಿ ಅದನ್ನು ಬರೆದಿಲ್ಲ.)

ಬೆಳಿಗ್ಗೆ ತಕ್ಕಡಿ ಒರೆಸಿ ಕಪಾಟಿಗಿಟ್ಟೆ.
ಸಂಜೆ ಐದರವರೆಗೆ ಗಡುವು. ಪೆನ್ನು ಇಲ್ಲೇ ಇದೆ.
ಅದಕ್ಕೆ ಮೊದಲು ಗಾಳದ ಅಂಗಡಿಗೆ ಹೋಗಬೇಕು,
ಬೇಡದಿದ್ದರೂ ಒಂದು ಡಬ್ಬಿ ಎರೆಹುಳ ಕೊಂಡು
ಲೈಲ್‌ನನ್ನು ಕೇಳಬೇಕು:
ನನಗೆ ಬರೀ ಕೇಳಿಸಿತ್ತು.
ಆ ಮೂವತ್ತೆಂಟು ನಿಮಿಷ
ನೀನು ಏನನ್ನು ನೋಡುತ್ತಿದ್ದೆ?