ಬಲ್ಕಾರನ ಎತ್ತರ

ಸೋಹಾರಿನಲ್ಲಿ ಪೈಪು ಬಗ್ಗಿಸಲು ಬೆಂಕಿ ಬೇಡ.
ಮುಕ್ಕಾಲಿಂಚಿನ ತುಂಡಿಗೆ ಮರಳು ತುಂಬಿ
ಎರಡೂ ಬಾಯಿಗೆ ಚಿಂದಿ ತುರುಕಿ
ಜುಲೈ ಮಧ್ಯಾಹ್ನ ತಗಡಿನ ಮೇಲಿಟ್ಟರೆ
ಊಟ ಮುಗಿಯುವುದರೊಳಗೆ ಹೇಳಿದ ಮಾತು ಕೇಳುತ್ತದೆ.
ಮರಳಿಲ್ಲದಿದ್ದರೆ ನಡು ಮುರಿದುಕೊಳ್ಳುತ್ತದೆ,
ಎರಡು ಹಾಳು ಮಾಡಿ ಕಲಿತದ್ದು.

ಎತ್ತರ ಎಷ್ಟಿರಲಿ ಎಂದು ಜಗಳ.
ಕಾಯಿ ಕೈಗೆಟುಕಬೇಕು ಎಂದ ಅಡುಗೆಯ ಪೊಡಿಯಬ್ಬ.
ಕ್ರೇನಿನ ಬಲ್ಕಾರ ಎದ್ದು ನಿಂತ:
'ಬಂಕಿಗೆ ಬಗ್ಗಿದ್ದೇನೆ, ಬಸ್ಸಿನ ಬಾಗಿಲಿಗೂ,
ಹೀರೆಕಾಯಿಗೆ ಬಗ್ಗಲಾರೆ.'
ಅವನ ಪೇಟದ ಮೇಲೆ ನಾಲ್ಕು ಬೆರಳು ಬಿಟ್ಟು
ಗೋಡೆಗೆ ಗೀಟು ಹಾಕಿದೆವು.

ಎಸಿ ತೊಟ್ಟಿಕ್ಕುವಲ್ಲಿ ಪೇಂಟಿನ ಡಬ್ಬ, ಅದರಲ್ಲಿ ಬೀಜ.
ಅಕ್ಟೋಬರ್ ಕೊನೆಗೆ
ಬಳ್ಳಿ ಎರಡೂ ಕಡೆಯಿಂದ ಹತ್ತಿ
ನೆತ್ತಿಯಲ್ಲಿ ಹೆಣೆದುಕೊಂಡಿತು.
ದುಂಬಿ ಸುಳಿಯಲಿಲ್ಲ;
ಸಂಜೆ ಅರಳುವ ಹೂವಿಗೆ
ಕಿವಿಯ ಹತ್ತಿಕಡ್ಡಿ ಹಿಡಿದು
ಪೊಡಿಯಬ್ಬನೇ ದುಂಬಿ.

ಅಷ್ಟರಲ್ಲಿ ಕ್ರೇನು ದುಖ್ಮಿಗೆ ಹೋಯಿತು,
ಹಿಂದೆ ಬಲ್ಕಾರನೂ.

ಮೊದಲ ಕಾಯಿ ಈಗ
ನಮ್ಮ ತಲೆಗೂ ಕಮಾನಿಗೂ ನಡುವೆ ಉಳಿದ
ಆ ಒಂದು ಗೇಣಿನಲ್ಲಿ ತೂಗುತ್ತಿದೆ.
ಯಾರಿಗೂ ತಾಗುವುದಿಲ್ಲ.
ಕೊಯ್ಯಲು ಸ್ಟೂಲು ಬೇಕು,
ನಾಳೆ ತರೋಣ ಎನ್ನುತ್ತೇವೆ, ದಿನವೂ.
ಕಾಯಿ ನಾರಾಗುತ್ತಿದೆ.