ಪ್ರತಿಯ ಸ್ಥಿತಿ

ಫಹಾಹೀಲಿನ ಹಳೆಯ ಸೂಕಿನಲ್ಲಿ ಅಂಗಡಿಸಾಲು ಕೆಡವುವಾಗ
ಸುಳ್ಳು ಚಾವಣಿಯ ಹಲಗೆ ಎಬ್ಬಿಸಿದ ಶಂಸುಲ್‌ನ ಹೆಗಲಿಗೆ
ದೊಪ್ಪನೆ ಬಿತ್ತಂತೆ ಈ ಕಟ್ಟು.
ಮಲಯಾಳವಿರಬೇಕೆಂದು ಎದುರಿನ ಕಿರಾಣಿಗೆ ಒಯ್ದ.
ಕಿರಾಣಿಯ ಕುಂಞುಮೋನು ಕನ್ನಡಕ ಏರಿಸಿ, ಇಳಿಸಿ,
"ಇದು ನಮ್ಮದಲ್ಲ, ನಮ್ಮದರ ತಂಗಿ" ಎಂದು
ನನಗೆ ಫೋನು ಮಾಡಿದ.

ಐವತ್ತಮೂರು ಸಂಚಿಕೆ. 'ಬೆಳ್ಳಿಹೊಸಿಲು', ಮಾಸಿಕ, ಬೆಲೆ ಮೂರು ರೂಪಾಯಿ.
ಮುಖಪುಟದ ಮೂಲೆಯಲ್ಲಿ ಪೆನ್ಸಿಲು:
ಸಿಸ್ಟರ್ ಫ್ಲೋರಿನ್, ವಾರ್ಡ್ ಆರು. ಓದಿ ಹಿಂದಿರುಗಿಸಿ.
ಅದರ ಮೇಲೇ ಪಕೀರಬ್ಬ ಟೈಲರ್ಸ್ ಎಂಬ ರಬ್ಬರು ಮೊಹರು.
ಹಿಂದಿರುಗಿಸಿದ ಹಾಗೆ ಕಾಣಲಿಲ್ಲ.

ವಾರವಿಡೀ ನಾನು ಅಹ್ಮದಿಯ ಕಚೇರಿಯಲ್ಲಿ
ಎಣ್ಣೆಬಾವಿಗಳ ಹಳೆ ದಾಖಲೆ ಸ್ಕ್ಯಾನು ಮಾಡುವವನು;
ಎಷ್ಟು ಅಡಿಗೆ ಸುಣ್ಣಕಲ್ಲು, ಎಷ್ಟು ಅಡಿಗೆ ಉಪ್ಪುನೀರು,
ಮಾರುದ್ದದ ಕಾಗದ, ಅದರ ತುಂಬ ನಡುಗುವ ಗೆರೆ.
ಶುಕ್ರವಾರ ಮಾತ್ರ ಕನ್ನಡ.
ಮೇಲಂತಸ್ತಿನ ಮಂಚದಲ್ಲಿ ಚಂದಪ್ಪನ ಗೊರಕೆ,
ಕೆಳಗೆ ನಾನು, ತುಕ್ಕು ಹಿಡಿದ ಪಿನ್ನು ಉಗುರಲ್ಲಿ ಬಿಡಿಸುತ್ತ.
ಬಾಗಿಲ ಸಂದಿಗೆ ಒದ್ದೆ ಟವೆಲು ತುರುಕಿದ್ದೇನೆ. ಆದರೂ
ಒಂದು ಕಣ ಮರಳು ಗಾಜಿನ ಮೇಲೆ ಕೂತರೆ ಸಾಕು,
ಇಲ್ಲದ ಸೊನ್ನೆ ಹತ್ತಿ
ಯಾರದೋ ಮಗ ಮಂಗನಾಗುತ್ತಾನೆ.

ಪಕೀರಬ್ಬ ಓದಿದ್ದು ಕತ್ತರಿಯಿಂದ.
ಜೂನ್ ಎಂಬತ್ತೇಳು, ಪುಟ ಮೂವತ್ತೊಂದು:
ಹಿಂಬದಿಯಲ್ಲಿ ಮಗುವಿನ ಅಂಗಿಯ ನಕ್ಷೆ ಇತ್ತೇನೋ,
ಮುಂಬದಿಯ ಧಾರಾವಾಹಿಯ ನಟ್ಟನಡುವೆ
ಗಿಡ್ಡ ತೋಳೊಂದು, ಕಂಕುಳಿನ ಬಾಗು ಸಮೇತ, ಮಾಯ.
ಅವಳು ರೈಲಿನ ಮೆಟ್ಟಿಲಿಗೆ ಕಾಲಿಟ್ಟು, ಒಮ್ಮೆ ಹಿಂದೆ ನೋಡಿ
ತಲೆಹೊಟ್ಟಿಗೆ ರಾಮಬಾಣ, ಎಲ್ಲ ಅಂಗಡಿಗಳಲ್ಲೂ ದೊರೆಯುತ್ತದೆ.
ತೂತಿನಾಚೆಯ ಪುಟ ಹೀಗೆ ಇಣುಕದಂತೆ
ಹಿಂದೆ ಕಪ್ಪು ಕಾಗದ ಇಡಬೇಕು, ಅದು ನಿಯಮ.
ಇಟ್ಟೆ.
ತೆರೆಯ ಮೇಲೆ ಕಪ್ಪು ತೋಳು,
ಯಾರೋ ಈಗ ತಾನೇ ಕೈ ಎಳೆದುಕೊಂಡ ಹಾಗೆ.

ಅಂಚಿನಲ್ಲಿ ಅವನ ಅಂಕೆ: ಫ್ಲೋರಿನ್‌ಬಾಯಿ ಮಗು, ಎದೆ ಇಪ್ಪತ್ತೆರಡು,
ತೋಳು ನಾಲ್ಕೂವರೆ, ಬೆಳೆಯುತ್ತಿದೆ, ಅರ್ಧ ಇಂಚು ಬಿಡು.
ಮರುವರ್ಷ ಇಪ್ಪತ್ತಮೂರು. ಅದರ ಮರುವರ್ಷ ಇಪ್ಪತ್ತಮೂರೂವರೆ.
ಕಥೆಯಲ್ಲಿ ಅವಳು ಇನ್ನೂ ಅದೇ ನಿಲ್ದಾಣದಲ್ಲಿ.

ಮೊದಲ ಸಲ ಅಂಚು ಕತ್ತರಿಸಿಯೇ ಕಳಿಸಿದ್ದೆ, ನೀಟಾಗಿ ಕಾಣಲೆಂದು.
ಗದಗಿನ ನೀಲವ್ವ ಹೂಗಾರ, ಕರಡು ತಿದ್ದಿ ನಿವೃತ್ತಿಯಾದಾಕೆ,
ನಮ್ಮ ಗ್ರಂಥಾಲಯದ ಸಂಬಳವಿಲ್ಲದ ಯಜಮಾನಿ, ಬರೆದರು:
"ತಮ್ಮಾ, ಅಂಚೇನು ನಿಮ್ಮಪ್ಪಂದ? ಎಲ್ಲಾ ಮತ್ತ ಮಾಡು."
ಮತ್ತೆ ಮಾಡಿದೆ. ನಾಲ್ಕು ಶುಕ್ರವಾರ.

ಕಟ್ಟಿನ ತಳದಲ್ಲಿ ಜುಲೈ ತೊಂಬತ್ತು.
ಅಂಗಡಿಯದೇ ಅಂಚೆಪೆಟ್ಟಿಗೆಯ ವಿಳಾಸ, ಫ್ಲೋರಿನ್ ಹೆಸರು,
ಸುತ್ತುಪಟ್ಟಿ ಹಾಗೇ ಇತ್ತು. ಬಿಚ್ಚಿದೆ.
ಮೂವತ್ತು ಚಿಲ್ಲರೆ ವರ್ಷದ ಮೇಲೆ ಮೊದಲ ಓದುಗ.
ಆಗಸ್ಟಿನ ಸಂಚಿಕೆ ಬರಲಿಲ್ಲ. ಆಗಸ್ಟು ಬಂತು,
ಉತ್ತರದ ಹೆದ್ದಾರಿಯಿಂದ, ಇನ್ನೂ ನಸುಕಿರುವಾಗ.
ಪಕೀರಬ್ಬ ಬಸ್ಸು ಹಿಡಿದನೋ,
ಅಮ್ಮಾನಿನ ಬಯಲಲ್ಲಿ ವಿಮಾನಕ್ಕೆ ಸಾಲು ನಿಂತನೋ,
ಹೋಗುವ ಮುನ್ನ ಇದನ್ನೆಲ್ಲ ಮೇಲೆ ತುರುಕಿದವನು ಅವನೇನೋ,
ಕುಂಞುಮೋನಿಗೂ ಗೊತ್ತಿಲ್ಲ; ಅವನು ಬಂದದ್ದು ತೊಂಬತ್ತೇಳರಲ್ಲಿ.

ನಡುಪುಟದಲ್ಲಿ ಪೂರ್ಣ ಅಳತೆಯ ನಕ್ಷೆ:
ಆರು ವರ್ಷದ ಹುಡುಗಿಗೆ ನೆರಿಗೆಯ ಫ್ರಾಕು.
ಚುಕ್ಕೆಗೆರೆಯ ಮೇಲೆ ಯಾವ ಕತ್ತರಿಯೂ ನಡೆದಿಲ್ಲ.

ಏರಿಸುವ ಮುಂಚೆ ಪಟ್ಟಿಯೊಂದನ್ನು ತುಂಬಬೇಕು.
ಪ್ರತಿಯ ಸ್ಥಿತಿ: ಉತ್ತಮ, ಹರಿದಿದೆ, ಪುಟ ಕಾಣೆ.
ಐವತ್ತೆರಡಕ್ಕೂ ಹರಿದಿದೆ ಎಂದು ಒತ್ತಿದ ಬೆರಳು
ಇಲ್ಲಿ ನಿಂತಿದೆ.
ಕಲೆ ಇಲ್ಲ. ಗೀರಿಲ್ಲ. ಅಂಚಿನಲ್ಲಿ ಒಂದು ಅಂಕೆಯಿಲ್ಲ.
ನಿಯಮದ ಪ್ರಕಾರ ಇದು ಉತ್ತಮ.

"ಲೈಟು ಆರ್ಸಪಾ ಇನ್ನ," ಅಂದ ಮೇಲಿನಿಂದ ಚಂದಪ್ಪ,
ಮಗ್ಗುಲು ಬದಲಿಸುತ್ತ.